ಹೂಂ ಅಂದದ್ದು ಎಲ್ಲಿ?

1959ರ ಜುಲೈ 22ರಂದು ಅಹಮದಾಬಾದಿನ ಒಂದು ವ್ಯಾಪಾರಿ ಸಂಸ್ಥೆ ವಿದರ್ಭದ ಖಾಮಗಾಂವಿನಲ್ಲಿದ್ದ ಜಿನ್ನಿಂಗ್ ಕಾರ್ಖಾನೆಯೊಂದಕ್ಕೆ ದೂರದ ಫೋನ್ ಕರೆ ಮಾಡಿತು. ಬೇಕಾಗಿದ್ದದ್ದು ಹತ್ತಿಬೀಜದ ಹಿಂಡಿ. ಈ ಕಡೆಯವರು ಕೇಳಿದರು, ಆ ಕಡೆಯವರು ಆಗಲಿ ಎಂದರು, ಫೋನ್ ಇಟ್ಟರು. ಆಮೇಲೆ ಹಿಂಡಿ ಬರಲಿಲ್ಲ ಎಂಬುದು ಕೊಂಡವರ ದೂರು. ಮಾತಿಗೆ ತಪ್ಪಿದ್ದಕ್ಕೆ 31,150 ರೂಪಾಯಿ ಕಟ್ಟಿಕೊಡಬೇಕೆಂದು ಅವರು ಅಹಮದಾಬಾದಿನ ಸಿಟಿ ಸಿವಿಲ್ ಕೋರ್ಟಿಗೆ ಹೋದರು.

ಕಾರ್ಖಾನೆಯವರು ತೆಗೆದ ಮೊದಲ ತಕರಾರು ಹಿಂಡಿಯದ್ದಲ್ಲ, ಊರಿನದ್ದು. ನಾವು ಒಪ್ಪಿಗೆ ಹೇಳಿದ್ದು ಖಾಮಗಾಂವಿನಲ್ಲಿ ಕೂತು. ಮಾಲು ಕೊಡಬೇಕಾದದ್ದೂ ಹಣ ಬರಬೇಕಾದದ್ದೂ ಅಲ್ಲೇ. ಅಹಮದಾಬಾದಿನ ಕೋರ್ಟಿಗೆ ನಮ್ಮನ್ನು ಕರೆಯುವ ಅಧಿಕಾರ ಎಲ್ಲಿಂದ ಬಂತು? ಅಹಮದಾಬಾದಿನವರ ಉತ್ತರವೂ ಅಷ್ಟೇ ಚುಟುಕು: ನೀವು ಎಲ್ಲಿ ಕೂತು ಹೇಳಿದಿರೋ ನಮಗೆ ಸಂಬಂಧವಿಲ್ಲ, ನಿಮ್ಮ ಒಪ್ಪಿಗೆ ನಮ್ಮ ಕಿವಿಗೆ ಬಿದ್ದದ್ದು ಇಲ್ಲಿ. ಈ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ತೀರ್ಪು ಬಂದದ್ದು 1965ರ ಆಗಸ್ಟ್ 30ರಂದು. ಆರು ವರ್ಷ ಕಳೆದ ಮೇಲೆ ಇತ್ಯರ್ಥವಾದದ್ದು ಇಷ್ಟೇ: ಕೇಸನ್ನು ಯಾವ ಊರಿನಲ್ಲಿ ನಡೆಸಬೇಕು.

ಕಾನೂನು ಓದುವವರೆಲ್ಲ ಭಗವಾನ್‌ದಾಸ್ ಕೇಸು ಎಂದು ಇದನ್ನು ಬಾಯಿಪಾಠ ಮಾಡುತ್ತಾರೆ. ವ್ಯಾಪಾರಿಗಳ ಕಣ್ಣಿನಿಂದ ನೋಡಿದರೆ ಇದರಲ್ಲಿ ಇನ್ನೂ ಹಳೆಯ ಒಂದು ಕತೆ ಇದೆ. ವ್ಯಾಪಾರದಲ್ಲಿ ಮಾತು ಯಾವ ಗಳಿಗೆಯಲ್ಲಿ ಗಟ್ಟಿಯಾಗುತ್ತದೆ, ಗಟ್ಟಿಯಾಯಿತು ಎಂಬುದಕ್ಕೆ ಸಾಕ್ಷಿ ಯಾರ ಕೈಯಲ್ಲಿರುತ್ತದೆ? ಹೊಸ ಸಾಧನ ಬಂದಾಗಲೆಲ್ಲ ಈ ಎರಡು ಪ್ರಶ್ನೆ ಮತ್ತೆ ಏಳುತ್ತವೆ. ಈಗ ವಾಟ್ಸಾಪ್ ಬಂದಿದೆ, ಮತ್ತೆ ಎದ್ದಿವೆ.

ಹಿಂದಿನ ಕಾಲದಲ್ಲಿ ಸಾಕ್ಷಿ ಮನುಷ್ಯನೇ ಆಗಿದ್ದ. ಹದಿನೈದನೇ ಶತಮಾನದಲ್ಲಿ ಚೀನಾದ ನೌಕಾಪಡೆಯ ಜೊತೆ ಕಲ್ಲಿಕೋಟೆಗೆ ಬಂದಿದ್ದ ಮಾ ಹುವಾನ್ ಅಲ್ಲಿನ ದಲ್ಲಾಳಿಗಳ ಪದ್ಧತಿಯನ್ನು ಬರೆದಿಟ್ಟಿದ್ದಾನೆ. ದರ ಒಪ್ಪಿಗೆಯಾದ ಮೇಲೆ ಎಲ್ಲರೂ ಕೈ ಕೈ ಹಿಡಿಯುತ್ತಿದ್ದರು. ಇಂಥ ದಿನ ಕೈ ಕೂಡಿಸಿದ್ದೇವೆ, ಆಮೇಲೆ ಬೆಲೆ ಏರಲಿ ಇಳಿಯಲಿ ಮಾತು ಬದಲಾಗುವುದಿಲ್ಲ ಎಂದು ದಲ್ಲಾಳಿ ಹೇಳುತ್ತಿದ್ದ. ಅಷ್ಟಾದರೆ ಮುಗಿಯಿತು. ಸುಮಾರು ಎಪ್ಪತ್ತು ವರ್ಷದ ನಂತರ ಅದೇ ಊರಿಗೆ ಬಂದ ಇಟಲಿಯ ವರ್ತೇಮಾ ಇನ್ನೊಂದು ವಿವರ ಕೊಡುತ್ತಾನೆ: ಬಟ್ಟೆಯ ಕೆಳಗೆ ಕೈ ಇಟ್ಟು, ಬೆರಳು ಮುಟ್ಟಿ ದರ ಮಾತಾಡುವುದು. ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ಲಿನ ಕೆಳಗೆ ನಡೆಯುವ ವ್ಯಾಪಾರ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಸುತ್ತ ನಿಂತ ಇಪ್ಪತ್ತು ಜನಕ್ಕೆ ವ್ಯಾಪಾರ ನಡೆಯುತ್ತಿದೆ ಎಂದು ಗೊತ್ತು, ಎಷ್ಟಕ್ಕೆ ಎಂದು ಗೊತ್ತಿಲ್ಲ. ಗೊತ್ತಿರುವುದು ಮೂರು ಜನಕ್ಕೆ. ಅದರಲ್ಲಿ ಮೂರನೆಯವನು ದಲ್ಲಾಳಿ. ಅವನ ಬಾಯಿಯೇ ದಾಖಲೆ. ಸುಳ್ಳು ಹೇಳಿದ ದಲ್ಲಾಳಿಗೆ ಮುಂದಿನ ಜಾತ್ರೆಯಲ್ಲಿ ಕೆಲಸ ಸಿಗುತ್ತಿರಲಿಲ್ಲ ಎಂಬುದೇ ಆ ದಾಖಲೆಗಿದ್ದ ಭದ್ರತೆ.

ಎದುರಿಗೆ ಇಲ್ಲದವರ ಜೊತೆ ವ್ಯಾಪಾರ ಮಾಡುವಾಗ ಕಾಗದ ಬೇಕಾಯಿತು. ಮಾರವಾಡಿ, ಗುಜರಾತಿ ಪೇಢಿಗಳ ಹುಂಡಿಗಳು ಊರಿಂದ ಊರಿಗೆ ಓಡಾಡಿದವು. ತೋರಿಸಿದ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ, ಇಂತಿಷ್ಟು ದಿನ ಕಳೆದ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ಬ್ರಿಟಿಷರು 1881ರಲ್ಲಿ ಚೆಕ್ಕು, ಬಿಲ್ಲುಗಳ ಕಾಯ್ದೆ ಮಾಡಿದಾಗಲೂ ದೇಶಭಾಷೆಯ ಈ ಪತ್ರಗಳ ಸ್ಥಳೀಯ ರೂಢಿಯನ್ನು ಮುಟ್ಟದೆ ಬಿಟ್ಟರು. ಬರವಣಿಗೆಯಿದ್ದ ಮಾತ್ರಕ್ಕೆ ಎಲ್ಲ ಸ್ಪಷ್ಟವಾಗಿತ್ತು ಎಂದೇನಲ್ಲ. ಮಹಾಜನಿ ಲಿಪಿಯಲ್ಲಿ ಸ್ವರಚಿಹ್ನೆಗಳನ್ನು ಹಾಕುತ್ತಿರಲಿಲ್ಲ. ಕಾಕಾಜಿ ಅಜ್ಮೇರಿಗೆ ಹೋದರು ಎಂದು ಗುಮಾಸ್ತ ಬರೆದ ಕಾಗದವನ್ನು ಮನೆಯವರು 'ಕಾಕಾಜಿ ಆಜ್ ಮರ್ ಗಯೇ' ಎಂದು ಓದಿಕೊಂಡು ಅಳಲು ಕೂತರು ಎಂಬ ಜೋಕು ಉತ್ತರ ಭಾರತದ ಪೇಟೆಗಳಲ್ಲಿ ತುಂಬ ಹಳೆಯದು. ಆದರೆ ಪೇಢಿಯವರಿಗೆ ಈ ಲಿಪಿಯಿಂದ ಲಾಭವೂ ಇತ್ತು. ವ್ಯವಹಾರ ಬಲ್ಲವನಿಗೆ ಅರ್ಥವಾಗುತ್ತಿತ್ತು, ಹೊರಗಿನವನಿಗೆ ಆಗುತ್ತಿರಲಿಲ್ಲ.

ಕಾಗದ ದಾರಿಯಲ್ಲಿರುವಾಗ ಏನು ಮಾಡುವುದು? ಈ ತಲೆನೋವು ಕೋರ್ಟಿನಲ್ಲಿ ಪ್ರಸಿದ್ಧವಾದದ್ದು ಇಂಗ್ಲೆಂಡಿನ ಉಣ್ಣೆಯ ವ್ಯಾಪಾರದಿಂದ. 1817ರ ಸೆಪ್ಟೆಂಬರ್ 2ರಂದು ಒಬ್ಬರು ಉಣ್ಣೆ ಮಾರುತ್ತೇವೆಂದು ಕಾಗದ ಬರೆದರು, ಆದರೆ ವಿಳಾಸ ತಪ್ಪಾಯಿತು. ಕಾಗದ ಸುತ್ತಾಡಿಕೊಂಡು 5ರಂದು ತಲುಪಿತು. ಕೊಳ್ಳುವವರು ಅದೇ ದಿನ ಒಪ್ಪಿಗೆಯನ್ನು ಅಂಚೆಗೆ ಹಾಕಿದರು. ಕಾದು ಬೇಸತ್ತ ಮಾರುವವರು 8ರಂದು ಬೇರೆಯವರಿಗೆ ಉಣ್ಣೆ ಮಾರಿಬಿಟ್ಟರು. ಒಪ್ಪಿಗೆಯ ಕಾಗದ ಬಂದದ್ದು 9ರಂದು. ಒಪ್ಪಿಗೆಯನ್ನು ಅಂಚೆಗೆ ಹಾಕಿದ ಗಳಿಗೆಯಲ್ಲೇ ಕರಾರು ಆಗಿಹೋಯಿತು ಎಂದು ಕೋರ್ಟು ಹೇಳಿತು. ಇಲ್ಲವಾದರೆ ನಿಮ್ಮ ಒಪ್ಪಿಗೆ ಬಂತು ಎಂದು ಇವರು, ನಿಮಗೆ ಬಂದದ್ದು ನಮಗೆ ತಿಳಿಯಿತು ಎಂದು ಅವರು ಬರೆಯುತ್ತಲೇ ಇರಬೇಕಾಗುತ್ತದೆ, ವ್ಯಾಪಾರ ಮುಗಿಯುವುದೇ ಇಲ್ಲ. ಭಾರತದ 1872ರ ಕರಾರು ಕಾಯ್ದೆಯ ನಾಲ್ಕನೇ ಕಲಮಿನಲ್ಲೂ ಇದೇ ಯೋಚನೆಯ ನೆರಳಿದೆ. ಒಪ್ಪಿದವನ ಕೈಮೀರಿ ಹೋಗುವಂತೆ ಒಪ್ಪಿಗೆ ಹೊರಟುಬಿಟ್ಟರೆ, ಕೇಳಿದವನು ಅಲ್ಲಿಂದಲೇ ಕಟ್ಟುಬಿದ್ದಂತೆ.

ಅಷ್ಟರಲ್ಲಿ ತಂತಿ ಬಂದಿತ್ತು. ಭಾರತದಲ್ಲಿ ಸಾರ್ವಜನಿಕರಿಗೆ ಅದು ಸಿಕ್ಕಿದ್ದು 1850ರ ದಶಕದ ಮಧ್ಯದಲ್ಲಿ. ಆದರೆ ಯುರೋಪಿಗೆ ತಂತಿಯ ಸಂಪರ್ಕ ಇನ್ನೂ ಇರಲಿಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಲಿವರ್‌ಪೂಲಿನ ಗಿರಣಿಪೇಟೆ ಭಾರತದ ಕಡೆ ತಿರುಗಿತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಬಂದರಿನ ಹೆಸರೇ ಹತ್ತಿಯ ಹೆಸರಾಗಿ, ಕುಮಟಾ ಹತ್ತಿ ಎಂದರೆ ಲಿವರ್‌ಪೂಲಿನಲ್ಲೂ ಗೊತ್ತಾಗುತ್ತಿತ್ತು. ಅಲ್ಲಿನ ದರ ಮುಂಬೈಗೆ ಬರುತ್ತಿದ್ದದ್ದು ಮಾತ್ರ ಹಡಗಿನಲ್ಲಿ. ಹತ್ತಿ ವ್ಯಾಪಾರದ ದೊರೆ ಪ್ರೇಮಚಂದ್ ರಾಯಚಂದ್ ದಡಕ್ಕೆ ಬರುವ ಹಡಗಿಗೆ ಎದುರಾಗಿ ದೋಣಿ ಕಳಿಸಿ, ಬೇರೆಯವರಿಗಿಂತ ಮೊದಲೇ ಸುದ್ದಿ ತರಿಸಿಕೊಳ್ಳುತ್ತಿದ್ದನೆಂಬ ಕತೆ ಮುಂಬೈಯಲ್ಲಿ ಇಂದಿಗೂ ಓಡಾಡುತ್ತದೆ. ಕೆಲವು ಗಂಟೆಗಳ ಮುನ್ನಡೆಯೇ ಲಾಭ. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ದರ ಕುಸಿಯಿತು, ಆ ವರ್ಷದ ಜುಲೈ 1ರ ಲೆಕ್ಕ ಚುಕ್ತಾ ಮಾಡುವ ದಿನ ಮುಂಬೈಯ ಷೇರುಪೇಟೆ ನೆಲಕಚ್ಚಿತು. ಪ್ರೇಮಚಂದನೂ ದಿವಾಳಿಯಾದ. ಪರ್ಷಿಯಾ ಕೊಲ್ಲಿಯ ಮೂಲಕ ಯುರೋಪಿಗೆ ತಂತಿ ಕೂಡಿದ್ದೂ ಅದೇ ವರ್ಷ. 1870ರಲ್ಲಿ ಸಮುದ್ರದಡಿಯ ಕೇಬಲ್ಲು ಮುಂಬೈಯನ್ನು ಲಂಡನ್ನಿಗೆ ಜೋಡಿಸಿತು. ದೋಣಿ ಕಳಿಸುವ ಜಾಣತನಕ್ಕೆ ಆಮೇಲೆ ಬೆಲೆಯಿಲ್ಲ.

ತಂತಿಗೆ ಪದ ಎಣಿಸಿ ದುಡ್ಡು. ಹಾಗಾಗಿ ವ್ಯಾಪಾರಿಗಳ ಭಾಷೆ ಒಣಗಿತು. ಕ್ಷೇಮ ಸಮಾಚಾರ, ತಮ್ಮ ಕೃಪೆ, ನಮ್ಮ ನಮಸ್ಕಾರ ಎಲ್ಲ ಹೋಗಿ ದರ, ಗಂಟು, ದಿನ ಮಾತ್ರ ಉಳಿದವು. ಅದಕ್ಕೂ ಮುಂದೆ ಹೋಗಿ ಸಂಕೇತ ಪುಸ್ತಕಗಳು ಬಂದವು. 1906ರ ಬೆಂಟ್ಲಿಯ ಕೋಡು ಪುಸ್ತಕದಲ್ಲಿ ಐದಕ್ಷರದ ಒಂದೊಂದು ಪದಕ್ಕೆ ಇಡೀ ವಾಕ್ಯದ ಅರ್ಥ. ಅಗ್ಗವೂ ಹೌದು, ಗುಟ್ಟೂ ಹೌದು. ಆದರೆ ಒಂದಕ್ಷರ ತಪ್ಪಿದರೆ ಕೆಟ್ಟಿತು. ಕೋಡು ಇಲ್ಲದ ಸಾದಾ ತಂತಿಯಲ್ಲೇ ಇಂಥ ಎಡವಟ್ಟು ಆಗುತ್ತಿತ್ತು. 1870ರ ಇಂಗ್ಲೆಂಡಿನ ಒಂದು ಪ್ರಕರಣದಲ್ಲಿ ಗಿರಾಕಿ ಮೂರು ಬಂದೂಕು ಕಳಿಸಿ ಎಂದು ತಂತಿ ಕೊಟ್ಟ. ತಂತಿ ಗುಮಾಸ್ತ 'ತ್ರೀ' ಎಂಬಲ್ಲಿ 'ದಿ' ಎಂದು ಕಳಿಸಿಬಿಟ್ಟ. ಮೊದಲು ಐವತ್ತರ ಮಾತಾಗಿತ್ತಲ್ಲ, ಆ ಬಂದೂಕುಗಳೇ ಇರಬೇಕೆಂದು ಅಂಗಡಿಯವನು ಐವತ್ತನ್ನೂ ಕಳಿಸಿದ. ಗಿರಾಕಿ ಮೂರಕ್ಕೆ ಮಾತ್ರ ಜವಾಬ್ದಾರ ಎಂದಿತು ಕೋರ್ಟು. ಮಹಾಜನಿಯ ಕಾಕಾಜಿಗೂ ಇಂಗ್ಲಿಷಿನ ಬಂದೂಕಿಗೂ ಅಷ್ಟೇನೂ ದೂರವಿಲ್ಲ.

ಇಷ್ಟೆಲ್ಲ ಕಷ್ಟವಿದ್ದರೂ ತಂತಿಗೆ ಒಂದು ಗುಣವಿತ್ತು. ಕೈಯಲ್ಲಿ ಒಂದು ಚೀಟಿ ಉಳಿಯುತ್ತಿತ್ತು, ಅದರ ಮೇಲೆ ಅಂಚೆ ಕಚೇರಿಯ ಮುದ್ರೆ ಇರುತ್ತಿತ್ತು. ಟೆಲಿಫೋನು ಕಿತ್ತುಕೊಂಡದ್ದು ಇದನ್ನೇ. ಶತಮಾನಗಳ ನಂತರ ವ್ಯಾಪಾರ ಮತ್ತೆ ಬರಿಯ ಬಾಯಿಮಾತಾಯಿತು, ಅದೂ ಮೂರನೆಯವನಿಲ್ಲದ ಬಾಯಿಮಾತು. ಬಟ್ಟೆಯ ಕೆಳಗಿನ ಕೈಗಳ ಜೊತೆ ದಲ್ಲಾಳಿ ಇದ್ದ. ಟ್ರಂಕ್ ಕಾಲಿನಲ್ಲಿ ಇದ್ದದ್ದು ಎಕ್ಸ್‌ಚೇಂಜಿನ ಆಪರೇಟರ್. ಕರೆ ಎಷ್ಟು ನಿಮಿಷ ನಡೆಯಿತು ಎಂದು ಅವರು ಹೇಳಬಲ್ಲರು, ಏನು ಮಾತಾಯಿತು ಎಂದಲ್ಲ. ಹಾಗಾಗಿಯೇ ಎಚ್ಚರದ ಪೇಢಿಗಳು ಫೋನಿನಲ್ಲಿ ಮಾತು ಮುಗಿದ ಮೇಲೆ ಅದನ್ನೇ ತಂತಿಯಲ್ಲೋ ಕಾಗದದಲ್ಲೋ ಖಾತ್ರಿಪಡಿಸುವ ರೂಢಿ ಇಟ್ಟುಕೊಂಡವು.

ಖಾಮಗಾಂವಿನ ಕೇಸಿಗೆ ಮರಳಿದರೆ, ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಒಮ್ಮತಕ್ಕೆ ಬರಲಿಲ್ಲ. ಶಾ ಮತ್ತು ವಾಂಛೂ ಹೇಳಿದ್ದು: ಅಂಚೆಯ ಮತ್ತು ತಂತಿಯ ನಿಯಮ ಒಂದು ಅನುಕೂಲಕ್ಕಾಗಿ ಮಾಡಿಕೊಂಡ ವಿನಾಯಿತಿ. ಫೋನಿನಲ್ಲಿ ಇಬ್ಬರೂ ಎದುರುಬದುರು ಕೂತಂತೆಯೇ ಮಾತಾಡುತ್ತಾರೆ, ಆದ್ದರಿಂದ ಒಪ್ಪಿಗೆ ಕೇಳಿಸಿದ ಊರಿನಲ್ಲೇ ಕರಾರು ಹುಟ್ಟುತ್ತದೆ. ಅಹಮದಾಬಾದ್ ಗೆದ್ದಿತು. ಹತ್ತು ವರ್ಷ ಮೊದಲು, 1955ರಲ್ಲಿ, ಟೆಲೆಕ್ಸ್ ಬಗ್ಗೆ ಇಂಗ್ಲೆಂಡಿನ ಲಾರ್ಡ್ ಡೆನ್ನಿಂಗ್ ಹೇಳಿದ್ದೂ ಇದೇ. ನದಿಯ ಈ ದಡದಿಂದ ಒಬ್ಬ ಕೂಗುತ್ತಾನೆ, ಆ ದಡದವನು ಉತ್ತರ ಕೊಡುವಾಗ ಮೇಲೆ ವಿಮಾನ ಹಾರಿ ಅವನ ದನಿ ಮುಳುಗಿಹೋಗುತ್ತದೆ, ಆಗ ಕರಾರು ಆಗಲಿಲ್ಲ. ಮತ್ತೊಮ್ಮೆ ಕೂಗಿ ಹೇಳಬೇಕು. ಇದು ಡೆನ್ನಿಂಗ್ ಕೊಟ್ಟ ಉದಾಹರಣೆ.

ಹಿದಾಯತುಲ್ಲಾ ಮಾತ್ರ ಒಪ್ಪಲಿಲ್ಲ. 1872ರಲ್ಲಿ ಕಾಯ್ದೆ ಬರೆದವರಿಗೆ ಟೆಲಿಫೋನು ಗೊತ್ತಿರಲಿಲ್ಲ. ಗ್ರಹಾಂ ಬೆಲ್ಲನ ಪೇಟೆಂಟು ಬಂದದ್ದೇ 1876ರಲ್ಲಿ. ಆದರೂ ಕಾಯ್ದೆಯ ಮಾತು ಫೋನಿಗೂ ಹೊಂದುತ್ತದೆ ಎಂದರು ಅವರು. ಹೇಳಿದವನ ಬಾಯಿಂದ ಹೊರಟ ಮಾತನ್ನು ವಾಪಸು ಕರೆಸಿಕೊಳ್ಳಲು ಬರುವುದಿಲ್ಲ, ಆದ್ದರಿಂದ ಕರಾರು ಖಾಮಗಾಂವಿನಲ್ಲೇ ಆಯಿತು. ಕಾನೂನಿನ ಅಕ್ಷರ ಓದಿದವರಿಗೆ ಹಿದಾಯತುಲ್ಲಾ ಅವರ ವಾದವೇ ಹೆಚ್ಚು ನೇರ ಎನ್ನಿಸಬಹುದು. ಪೇಟೆಯಲ್ಲಿ ಕೂತವರಿಗೆ ಬಹುಮತದ ತೀರ್ಪೇ ಸಹಜ. ಕೇಳಿಸದ ಹೂಂ ಯಾವ ಹೂಂ?

ಎಸ್‌ಟಿಡಿ, ಫ್ಯಾಕ್ಸು, ಪೇಜರುಗಳ ಕಾಲವನ್ನು ಬೇಗ ದಾಟಬಹುದು. ಲಖನೌ ಮತ್ತು ಕಾನ್ಪುರದ ನಡುವೆ 1960ರಲ್ಲಿ ಶುರುವಾದ ಎಸ್‌ಟಿಡಿ ಆಪರೇಟರನ್ನು ನಡುವಿನಿಂದ ತೆಗೆಯಿತು. 1995ರಲ್ಲಿ ಬಂದ ಮೊಬೈಲು ಊರನ್ನೇ ತೆಗೆಯಿತು. ಮಾತಾಡುವವನು ಎಲ್ಲಿದ್ದಾನೆಂದು ಗೊತ್ತಿಲ್ಲದ ಮೇಲೆ ಕರಾರು ಎಲ್ಲಿ ಹುಟ್ಟಿತು ಎಂದು ಹೇಗೆ ಹೇಳುವುದು? 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಈ ಗಂಟನ್ನು ಒಂದೇ ಏಟಿಗೆ ಕಡಿಯಿತು: ಬೇರೆ ಮಾತಾಗಿಲ್ಲದಿದ್ದರೆ, ಸಂದೇಶ ಹೊರಟದ್ದು ಕಳಿಸಿದವನ ವ್ಯಾಪಾರದ ಸ್ಥಳದಿಂದ, ತಲುಪಿದ್ದು ಪಡೆದವನ ವ್ಯಾಪಾರದ ಸ್ಥಳದಲ್ಲಿ. ರೈಲಿನಲ್ಲಿ ಕೂತು ಒತ್ತಿದರೂ ಅಂಗಡಿಯಲ್ಲಿ ಕೂತು ಒತ್ತಿದಂತೆಯೇ ಲೆಕ್ಕ.

ಇಮೇಲ್ ಬಂದಾಗ ವ್ಯಾಪಾರ ಮತ್ತೆ ಬರವಣಿಗೆಗೆ ಮರಳಿತು. ಟ್ರೈಮೆಕ್ಸ್ ಎಂಬ ಕಂಪನಿ 2007ರ ಅಕ್ಟೋಬರ್ 15ರಂದು ಬಾಕ್ಸೈಟ್ ಅದಿರು ಕೊಡುತ್ತೇವೆಂದು ವೇದಾಂತ ಅಲ್ಯುಮಿನಿಯಂಗೆ ಇಮೇಲ್ ಕಳಿಸಿತು, ಮರುದಿನ ಇಮೇಲಿನಲ್ಲೇ ಒಪ್ಪಿಗೆ ಬಂತು. ಆಮೇಲೆ ಸಹಿ ಹಾಕಿದ ಕರಾರುಪತ್ರ ಆಗಿಯೇ ಇಲ್ಲವಲ್ಲ ಎಂಬ ವಾದ ಎದ್ದಿತು. ಮುಖ್ಯ ವಿಷಯಗಳೆಲ್ಲ ಇಮೇಲಿನಲ್ಲಿ ಒಪ್ಪಿಗೆಯಾಗಿದ್ದರೆ ಕರಾರು ಆದಂತೆಯೇ, ಛಾಪಾ ಕಾಗದ ಬರದಿದ್ದರೂ ನಡೆಯುತ್ತದೆ ಎಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿತು. ದೊಡ್ಡ ಕಂಪನಿಗಳ ಮಾತಾಯಿತು ಇದು. ಅಲ್ಲಿ ಇಮೇಲ್ ಕಳಿಸುವ ಮುಂಚೆ ಓದಿ ನೋಡುವುದಕ್ಕೆ ವಕೀಲರಿರುತ್ತಾರೆ.

ಮಂಡಿ, ಅಂಗಡಿ, ಹೋಟೆಲುಗಳಿಗೆ ಇಮೇಲ್ ಎಂದೂ ಸರಿಯಾಗಿ ಒಗ್ಗಲಿಲ್ಲ. ಅವರು ಫೋನಿನಿಂದ ಸೀದಾ ವಾಟ್ಸಾಪಿಗೆ ಬಂದರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಈ ಸ್ಥಳಾಂತರ ಎಷ್ಟು ಬೇಗ ನಡೆಯಿತೆಂದರೆ, ಅದನ್ನು ಯಾರೂ ನಿರ್ಧಾರ ಮಾಡಿ ಮಾಡಿದಂತೆಯೇ ಇಲ್ಲ. 2018ರ ಜನವರಿಯಲ್ಲಿ ವ್ಯಾಪಾರಿಗಳಿಗೆಂದೇ ವಾಟ್ಸಾಪ್ ಬಿಸಿನೆಸ್ ಬರುವ ಹೊತ್ತಿಗೆ ವ್ಯಾಪಾರಿಗಳು ಸಾದಾ ವಾಟ್ಸಾಪಿನಲ್ಲೇ ವ್ಯಾಪಾರ ಮಾಡುತ್ತಿದ್ದರು.

ಒಂದು ಸಂದರ್ಭ ಊಹಿಸಿಕೊಳ್ಳಬಹುದು. ಮುಂಬೈಯ ಮಾಟುಂಗಾದ ಹೋಟೆಲಿನವರು ತಿಪಟೂರಿನ ಕಾಯಿ ಮಂಡಿಯವರಿಗೆ ರಾತ್ರಿ ಹತ್ತು ಗಂಟೆಗೆ ಬರೆಯುತ್ತಾರೆ: 'ಗೌಡ್ರೇ, ಹೋದ ಸಲದ ರೇಟಿಗೇ ಆದ್ರೆ ಎರಡು ಸಾವಿರ ಕಾಯಿ ಕಳ್ಸಿ.' ಗೌಡರು ಊಟಕ್ಕೆ ಕೂತಿದ್ದಾರೆ. ಎಡಗೈಯಲ್ಲಿ ಹೆಬ್ಬೆರಳಿನ ಚಿತ್ರ ಒತ್ತಿ ಫೋನ್ ಮಗುಚಿಡುತ್ತಾರೆ. ಮರುದಿನ ಬೆಳಿಗ್ಗೆ ಕಾಯಿಯ ದರ ಏರಿದೆ. ಗೌಡರ ಪ್ರಕಾರ ಆ ಹೆಬ್ಬೆರಳಿನ ಅರ್ಥ, ನೋಡಿದೆ. ಶೆಟ್ಟರ ಪ್ರಕಾರ, ಒಪ್ಪಿದೆ.

ಕನ್ನಡದಲ್ಲಿ ಹೂಂಗುಟ್ಟುವುದು ಎಂಬ ಒಳ್ಳೆಯ ಮಾತಿದೆ. ಕತೆ ಕೇಳುವವರು ಹೂಂಗುಟ್ಟುತ್ತಾರೆ. ಅದರರ್ಥ ಕತೆಯನ್ನು ಒಪ್ಪಿದರು ಎಂದಲ್ಲ, ಎಚ್ಚರವಾಗಿದ್ದಾರೆ ಎಂದು. ಹಾಗೆಯೇ 'ನೋಡಣ ಬಿಡಿ' ಎನ್ನುವುದು ಬಹುಪಾಲು ಸಲ ಇಲ್ಲ ಎನ್ನುವುದರ ಮರ್ಯಾದೆಯ ರೂಪ. 'ಆಯ್ತು' ಎಂಬುದನ್ನು ಒಪ್ಪಿಗೆಗೂ ಹೇಳಬಹುದು, ಮಾತು ಮುಗಿಸುವುದಕ್ಕೂ ಹೇಳಬಹುದು, ಸಿಟ್ಟಿಗೂ ಹೇಳಬಹುದು. ಫೋನಿನಲ್ಲಿ ದನಿ ಇದನ್ನೆಲ್ಲ ಬಿಡಿಸಿ ಹೇಳುತ್ತಿತ್ತು. ಮಾತಿನ ಆ ಸಡಿಲಿಕೆ ಈಗ ದನಿಯಿಲ್ಲದೆ, ತಾರೀಕು ಗಂಟೆ ನಿಮಿಷ ಸಮೇತ ಅಚ್ಚಾಗಿ ಕೂರುತ್ತದೆ. ಮಾತಿನಂತೆ ಆಡಿದ್ದನ್ನು ಕಾಗದದಂತೆ ಓದುತ್ತಾರೆ. ವಾಟ್ಸಾಪು ತಂದಿರುವ ನಿಜವಾದ ಬದಲಾವಣೆ ವೇಗವಲ್ಲ, ಈ ಬೆರಕೆ. ತಂತಿ ಬರೆಯುವವನು ಪದಕ್ಕೆ ದುಡ್ಡು ಕೊಡುತ್ತಿದ್ದರಿಂದ ಯೋಚಿಸುತ್ತಿದ್ದ, ಹೆಬ್ಬೆರಳು ಪುಕ್ಕಟೆ.

ಗೌಡರ ಹೆಬ್ಬೆರಳು ಕಲ್ಪನೆ, ಆದರೆ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ್ದು ದಾಖಲಾದ ಪ್ರಕರಣ. 2021ರ ಮಾರ್ಚಿನಲ್ಲಿ ಧಾನ್ಯ ಕೊಳ್ಳುವ ಕಂಪನಿಯೊಂದು ಅಗಸೆ ಬೀಜದ ಕರಾರುಪತ್ರದ ಫೋಟೋ ತೆಗೆದು ರೈತನೊಬ್ಬನ ಮೊಬೈಲಿಗೆ ಕಳಿಸಿ, ದಯವಿಟ್ಟು ಖಾತ್ರಿಪಡಿಸಿ ಎಂದು ಬರೆಯಿತು. ಬಂದ ಉತ್ತರ ಹೆಬ್ಬೆರಳಿನ ಚಿತ್ರ. ನವೆಂಬರಿನಲ್ಲಿ ಅಗಸೆಯ ದರ ಎರಡು ಪಟ್ಟಿಗೂ ಮೇಲೆ ಏರಿತ್ತು, ಮಾಲು ಬರಲಿಲ್ಲ. ಹೆಬ್ಬೆರಳೆಂದರೆ ಮೆಸೇಜು ಬಂತು ಎಂದಷ್ಟೇ ಎಂದ ರೈತ. ಅದಕ್ಕೂ ಮುಂಚೆ ಇದೇ ಇಬ್ಬರ ನಡುವೆ ಇಂಥ ಫೋಟೋಗಳಿಗೆ 'ಓಕೆ', 'ಯಪ್' ಎಂಬ ಉತ್ತರ ಬಂದು, ಮಾಲೂ ಸರಿಯಾಗಿ ಬಂದಿತ್ತು. ಆ ರೂಢಿಯನ್ನು ನೋಡಿದ ನ್ಯಾಯಾಧೀಶರು 2023ರಲ್ಲಿ ಹೆಬ್ಬೆರಳನ್ನು ಸಹಿ ಎಂದೇ ಒಪ್ಪಿ, ಸುಮಾರು 82,000 ಕೆನಡಿಯನ್ ಡಾಲರ್ ಕೊಡಿಸಿದರು. ಮೇಲಿನ ಕೋರ್ಟು 2024ರಲ್ಲಿ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಅಲ್ಲೂ ಒಬ್ಬರ ಭಿನ್ನಮತವಿತ್ತು.

ಭಾರತದ ಕೋರ್ಟುಗಳೂ ವಾಟ್ಸಾಪನ್ನು ಗಂಭೀರವಾಗಿ ತೆಗೆದುಕೊಂಡಿವೆ. 2018ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಸಾಲ ವಸೂಲಿಯ ಪ್ರಕರಣವೊಂದರ ನೋಟಿಸನ್ನು ವಾಟ್ಸಾಪಿನಲ್ಲಿ ಪಿಡಿಎಫ್ ಮಾಡಿ ಕಳಿಸಲಾಗಿತ್ತು. ನೀಲಿ ಗೆರೆಗಳು ಕಂಡಿವೆ, ಅಂದರೆ ತಲುಪಿದ್ದಷ್ಟೇ ಅಲ್ಲ, ತೆರೆದೂ ನೋಡಿದ್ದಾರೆ ಎಂದು ಕೋರ್ಟು ಪರಿಗಣಿಸಿತು. ಡೆನ್ನಿಂಗ್‌ನ ವಿಮಾನದ ಸದ್ದಿಗೆ ಇಷ್ಟು ಚೊಕ್ಕ ಪರಿಹಾರ ಅವನಿಗೂ ಹೊಳೆದಿರಲಾರದು. ನೀಲಿ ಗೆರೆಯನ್ನು ಕಾಣದಂತೆ ಮಾಡಿಕೊಳ್ಳುವ ಸೌಲಭ್ಯವೂ ಅದೇ ಫೋನಿನಲ್ಲಿದೆ ಎಂಬುದು ಬೇರೆ ಮಾತು. ಷೇರುಪೇಟೆಯಲ್ಲಿ ಸೆಬಿ ಇನ್ನೂ ಕಟ್ಟುನಿಟ್ಟು. ಗಿರಾಕಿ ಆರ್ಡರು ಕೊಟ್ಟದ್ದಕ್ಕೆ ಧ್ವನಿಮುದ್ರಣವೋ ಸಂದೇಶವೋ ಸಹಿಯೋ, ಏನಾದರೊಂದು ಸಾಕ್ಷಿ ಇಟ್ಟುಕೊಳ್ಳಬೇಕೆಂದು 2018ರಲ್ಲಿ ಬ್ರೋಕರುಗಳಿಗೆ ಹೇಳಿದೆ. ಕೈಸನ್ನೆ, ಕೂಗಾಟಗಳಲ್ಲೇ ಸೌದಾ ಮುಗಿಸುತ್ತಿದ್ದ ದಲಾಲ್ ಸ್ಟ್ರೀಟಿನ ಕಣ 1995ರಲ್ಲಿ ಕಂಪ್ಯೂಟರಿಗೆ ಹೋಗಿತ್ತು. ಫೋನಿನ ಮಾತು ಅದರ ಹಿಂದೆಯೇ ಹೋಯಿತು.

ಇದರಿಂದ ಸಣ್ಣ ವ್ಯಾಪಾರಿಗೆ ಅನುಕೂಲವೇ ಆಗಬೇಕು. ದೊಡ್ಡವರು ಮಾತಿಗೆ ತಪ್ಪಿದರೆ ತೋರಿಸಲು ಅವನ ಕೈಯಲ್ಲಿ ಈಗ ಏನೋ ಇದೆ. ಟೆಲಿಫೋನಿನ ಕಾಲದಲ್ಲಿ ಅದೂ ಇರಲಿಲ್ಲ. ಆದರೆ ಆ 'ಏನೋ' ಎಷ್ಟು ಗಟ್ಟಿ? ಸ್ಕ್ರೀನ್‌ಶಾಟು ಸಾಕು ಎಂದುಕೊಂಡವರೇ ಹೆಚ್ಚು. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡಬೇಕಾದರೆ ಕಾನೂನು ಹೇಳಿದ ಪ್ರಮಾಣಪತ್ರ ಜೊತೆಗಿರಬೇಕು, ಇಲ್ಲವೇ ಮೂಲ ಸಾಧನವನ್ನೇ ತಂದಿಡಬೇಕು ಎಂದು ಸುಪ್ರೀಂ ಕೋರ್ಟು 2014ರಲ್ಲೂ 2020ರಲ್ಲೂ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಆ ಪ್ರಮಾಣಪತ್ರಕ್ಕೆ ತಜ್ಞರ ಭಾಗವೊಂದು ಸೇರಿದೆ. ಕಡತದ ಬೆರಳಚ್ಚಿನಂಥ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಕಂಪನಿಗಳಿಗೆ ಇದಕ್ಕೆ ಜನ ಇದ್ದಾರೆ. ಕಾಯಿ ಮಂಡಿಯವರು ಎಲ್ಲಿಗೆ ಹೋಗುತ್ತಾರೆ?

ಕಳಿಸಿದ್ದನ್ನು ಎಲ್ಲರ ಫೋನಿನಿಂದಲೂ ಅಳಿಸುವ ಸೌಲಭ್ಯ 2017ರಲ್ಲಿ ಬಂತು, ಕಳಿಸಿದ ಹದಿನೈದು ನಿಮಿಷದೊಳಗೆ ತಿದ್ದುವ ಸೌಲಭ್ಯ 2023ರಲ್ಲಿ. ಬಾಯಿಂದ ಹೊರಟ ಮಾತನ್ನು ವಾಪಸು ಕರೆಸಿಕೊಳ್ಳಲಾಗದು ಎಂಬ ಹಿದಾಯತುಲ್ಲಾ ಅವರ ವಾದ ನಿಂತಿದ್ದ ನೆಲವೇ ಇದರಿಂದ ಸ್ವಲ್ಪ ಅಲುಗಿದೆ. ತಾನಾಗಿಯೇ ಅಳಿಸಿಹೋಗುವ ಸಂದೇಶಗಳೂ ಇವೆ. ಅವನ್ನು 24 ಗಂಟೆಗೋ, 7 ದಿನಕ್ಕೋ, 90 ದಿನಕ್ಕೋ ಇಟ್ಟುಕೊಳ್ಳಬಹುದು. ಕರಾರು ಮುರಿದವರ ಮೇಲೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಕೊಡುವ ಸಮಯ ಮೂರು ವರ್ಷ. ಖಾಮಗಾಂವಿನ ಹಿಂಡಿಯ ಕೇಸಿಗೆ ಊರು ಗೊತ್ತುಮಾಡಲು ಹಿಡಿದದ್ದು ಅದರ ಎರಡರಷ್ಟು. ಅಷ್ಟು ದಿನ ಒಂದೇ ಫೋನು ಬಾಳುವುದು ಅಪರೂಪ. ದೀಪಾವಳಿಗೆ ಹೊಸ ಖಾತೆ ಪುಸ್ತಕ ತೆಗೆದಾಗ ಹಳೆಯದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಡುವ ಅಂಗಡಿಗಳಲ್ಲಿ, ಹಳೆಯ ಫೋನು ಮಾತ್ರ ಎಕ್ಸ್‌ಚೇಂಜ್ ಆಫರಿಗೆ ಹೋಗುತ್ತದೆ.